ಕೆಟ್ಟಿಲ್ಲ, ಆದರೆ ನಮ್ಮದಕ್ಕೆ ಕೂಡುತ್ತಿಲ್ಲ: ಎಲೆಕ್ಟ್ರಾನಿಕ್ ವಸ್ತು ವಾಪಸು ಮಾಡುವ ಹಕ್ಕು ಎಲ್ಲಿಯವರೆಗೆ?

ಬೋರಿನ ಮೋಟರಿಗೆಂದು ಮೊಬೈಲ್ ಸ್ಟಾರ್ಟರ್ ತಂದಿರಿ ಎಂದುಕೊಳ್ಳಿ. ಫೋನ್ ಮಾಡಿದರೆ ಮೋಟರು ಚಾಲೂ ಆಗಬೇಕು, ಮೂರು ಫೇಸ್ ಕರೆಂಟಿಗಾಗಿ ನಡುರಾತ್ರಿ ಹೊಲಕ್ಕೆ ಹೋಗುವುದು ತಪ್ಪಬೇಕು. ಮನೆಯಲ್ಲಿದ್ದ ಜಿಯೋ ಸಿಮ್ ಹಾಕಿದಿರಿ, ಸಿಗ್ನಲ್ಲೇ ಬರಲಿಲ್ಲ. ಸ್ಟಾರ್ಟರಿನ ಒಳಗಿರುವುದು 2ಜಿ ಮೋಡೆಮ್. ಜಿಯೋ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ಸ್ಟಾರ್ಟರ್ ಕೆಟ್ಟಿಲ್ಲ, ಸಿಮ್ಮೂ ಕೆಟ್ಟಿಲ್ಲ. ಅಂಗಡಿಗೆ ಒಯ್ದರೆ, "ಪೀಸ್ ಚೆನ್ನಾಗೈತಲ್ರೀ, ಯಾಕ್ ವಾಪಸ್ ತಗೊಳ್ಳಿ?" ಎಂಬ ಉತ್ತರ ಬರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಈ ತೊಂದರೆ ದುಬಾರಿ. ದೊಡ್ಡ ಆಯ್ಕೆ ಬೇಕೆಂದರೆ ಹೊಸಪೇಟೆ, ಬಳ್ಳಾರಿ, ದಾವಣಗೆರೆಗೆ ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ತಂದದ್ದು ಕೂಡಲಿಲ್ಲವೆಂದರೆ ಒಂದು ದಿನದ ಕೆಲಸ, ಬಸ್ ಚಾರ್ಜು, ಮೇಲೆ ವಾದ. ಎಷ್ಟೋ ಜನ ಹೋಗಲಿ ಬಿಡು ಎಂದು ಅಟ್ಟದ ಮೇಲೆ ಎಸೆದುಬಿಡುತ್ತಾರೆ. ಹಾಗೆ ಬಿಡಬೇಕಾಗಿಲ್ಲ. ಆದರೆ ಕೂಡದ ವಸ್ತುವನ್ನು ವಾಪಸು ಮಾಡುವ ಹಕ್ಕು ಹುಟ್ಟುವುದು ದುಡ್ಡು ಕೊಡುವ ಮುಂಚೆ, ನೀವು ಅಂಗಡಿಯಲ್ಲಿ ಆಡುವ ಮಾತಿನಿಂದ. ಅದನ್ನು ಮೊದಲೇ ತಿಳಿದುಕೊಂಡವರಿಗೆ ದಾರಿ ಸಲೀಸು.

ಕಾನೂನು ಯಾವುದನ್ನು ನೋಡುತ್ತದೆ

ಯೂರೋಪಿನ ದೇಶಗಳಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕಾರಣವೇ ಹೇಳದೆ 14 ದಿನದೊಳಗೆ ಹಿಂದಿರುಗಿಸಬಹುದು. ನಮ್ಮಲ್ಲಿ ಅಂಗಡಿ ಖರೀದಿಗಾಗಲೀ ಸಾಮಾನ್ಯ ಆನ್‌ಲೈನ್ ಖರೀದಿಗಾಗಲೀ ಅಂಥ ಹಕ್ಕನ್ನು ಕಾನೂನು ಕೊಟ್ಟಿಲ್ಲ. ಮನಸ್ಸು ಬದಲಾಯಿತು ಎಂಬುದು ಇಲ್ಲಿ ಅಂಗಡಿಯವರ ಸೌಜನ್ಯಕ್ಕೆ, ಇಲ್ಲವೇ ಆ ಕಂಪನಿಯ ವಾಪಸು ನಿಯಮಕ್ಕೆ ಬಿಟ್ಟದ್ದು. ಕೂಡದ ವಸ್ತುವಿನ ವಿಷಯ ಇದಕ್ಕಿಂತ ಬೇರೆ. ಅದರಲ್ಲಿ ಮೂರು ಸಂದರ್ಭಗಳಿವೆ, ನಿಮ್ಮದು ಯಾವುದು ಎಂದು ಮೊದಲು ಗುರುತಿಸಿಕೊಳ್ಳಿ.

ಒಂದು, ಕೂಡುತ್ತದೆ ಎಂದು ಮಾರಿದವರೇ ಹೇಳಿರುವುದು. ಡಬ್ಬಿಯ ಮೇಲೆ, ಜಾಹೀರಾತಿನಲ್ಲಿ, ಆನ್‌ಲೈನ್ ವಿವರಣೆಯಲ್ಲಿ ಅಥವಾ ವಾಟ್ಸಾಪ್‌ನಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷ ಎಂದರೆ ಒಡೆದದ್ದು, ಸುಟ್ಟದ್ದು ಮಾತ್ರ ಅಲ್ಲ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ಕಡಿಮೆ ಬಿದ್ದರೆ ಅದೂ ದೋಷ. "4ಜಿ ಸಿಮ್‌ಗೆ ನಡೆಯುತ್ತದೆ" ಎಂದು ಬರೆದು 2ಜಿ ಸ್ಟಾರ್ಟರ್ ಕಳಿಸಿದರೆ ಅದು ಕೂಡದ ವಸ್ತು ಮಾತ್ರವಲ್ಲ, ಕಾನೂನಿನ ಕಣ್ಣಲ್ಲಿ ದೋಷದ ವಸ್ತುವೂ ಹೌದು ಎಂದು ವಾದಿಸಲು ಗಟ್ಟಿ ನೆಲೆ ಸಿಗುತ್ತದೆ. ಆನ್‌ಲೈನ್ ಖರೀದಿಗೆ 2020ರ ಇ-ಕಾಮರ್ಸ್ ನಿಯಮಗಳು ಇದನ್ನು ಇನ್ನೂ ನೇರವಾಗಿ ಹೇಳುತ್ತವೆ: ಜಾಹೀರಾತು ಮಾಡಿದ ಗುಣಲಕ್ಷಣ ಇಲ್ಲದ ವಸ್ತುವನ್ನು ವಾಪಸು ಪಡೆಯಲು, ಹಣ ಹಿಂದಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ.

ಎರಡು, ಮಾರಿದವರು ತಾವಾಗಿ ಏನೂ ಹೇಳಿಲ್ಲ, ಆದರೆ ನೀವು ನಿಮ್ಮ ಉದ್ದೇಶ ಹೇಳಿ, ಅವರ ತಿಳಿವಳಿಕೆ ನಂಬಿ ಕೊಂಡಿದ್ದೀರಿ. ಇಲ್ಲಿ ಕೆಲಸಕ್ಕೆ ಬರುವುದು 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ. ಯಾವ ಕೆಲಸಕ್ಕೆ ಬೇಕೆಂದು ಗ್ರಾಹಕ ತಿಳಿಸಿದ್ದರೆ, ಅಂಗಡಿಯವರ ಅನುಭವ ನಂಬಿ ಕೊಂಡಿದ್ದರೆ, ಅದು ಅವರು ದಿನವೂ ಮಾರುವ ಬಗೆಯ ಸರಕಾಗಿದ್ದರೆ, ಆ ವಸ್ತು ಆ ಕೆಲಸಕ್ಕೆ ತಕ್ಕಮಟ್ಟಿಗೆ ಒದಗಬೇಕು ಎಂಬ ಷರತ್ತು ವ್ಯಾಪಾರದಲ್ಲಿ ತಾನಾಗಿ ಸೇರಿಕೊಳ್ಳುತ್ತದೆ, ಯಾರೂ ಬರೆಯದಿದ್ದರೂ.

ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ನೀವು ಇಂಥದೇ ಬ್ರಾಂಡು, ಇಂಥದೇ ಹೆಸರಿನ ವಸ್ತು ಬೇಕೆಂದು ಕೇಳಿ ಕೊಂಡಿದ್ದರೆ ಈ ಷರತ್ತು ಅನ್ವಯಿಸುವುದಿಲ್ಲ. "ಆ ಕಂಪನಿಯ 128 ಜಿಬಿ ಕಾರ್ಡ್ ಕೊಡ್ರಿ" ಎಂದರೆ ಆಯ್ಕೆಯ ಹೊಣೆ ನಿಮ್ಮದಾಯಿತು. "ಅಣ್ಣಾ, ಈ ಕೀಪ್ಯಾಡ್ ಫೋನಿಗೆ ನಡಿಯೋ ಕಾರ್ಡ್ ಕೊಡ್ರಿ" ಎಂದು ಫೋನನ್ನು ಮುಂದಿಟ್ಟರೆ ಹೊಣೆ ಅವರ ಕಡೆಗೆ ಹೋಗುತ್ತದೆ. ಹೆಸರು ಹೇಳಿ ಕೇಳುವುದನ್ನು ನಾವು ಜಾಣತನ ಎಂದುಕೊಂಡಿದ್ದೇವೆ, ಕಾನೂನಿನ ರಕ್ಷಣೆ ಮಾತ್ರ ಕೆಲಸ ಹೇಳಿ ಕೇಳಿದವರಿಗೆ.

ಮೂರು, ನೀವೇ ನೋಡಿ ಆರಿಸಿದ್ದು, ಯಾರನ್ನೂ ಕೇಳಿಲ್ಲ, ವಿವರಣೆಯೂ ಸರಿಯಾಗಿಯೇ ಇತ್ತು. ಇಲ್ಲಿ ಕಾನೂನಿನ ಬಲ ಇಲ್ಲವೆಂದೇ ತಿಳಿಯಿರಿ. ಉಳಿದಿರುವುದು ವಾಪಸು ನಿಯಮ ಮತ್ತು ನಯವಾದ ಮಾತು. ಒಂದಿಷ್ಟು ಕಡಿತ ಮಾಡಿಕೊಂಡು ಬೇರೆ ವಸ್ತು ಕೊಡಲು ಊರಿನ ಅಂಗಡಿಯವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದು ನಷ್ಟವೆನಿಸಿದರೂ ಒಪ್ಪಿಕೊಳ್ಳುವುದು ವಾಸಿ.

ಕೊಳ್ಳುವ ಮುಂಚೆ

1. ಹಳೆಯ ವಸ್ತುವನ್ನೇ ಅಂಗಡಿಗೆ ಒಯ್ಯಿರಿ. ಒಯ್ಯಲಾಗದಿದ್ದರೆ ಅದರ ಹಿಂಬದಿಯ ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಮಾದರಿ ಸಂಖ್ಯೆ, ವೋಲ್ಟ್, ಆಂಪಿಯರ್ ಎಲ್ಲ ಅಲ್ಲೇ ಇರುತ್ತವೆ. ಮೋಟರಾದರೆ ಎಚ್‌ಪಿ ಮತ್ತು ಫೇಸ್ ಕೂಡ ಬೇಕು.

2. ಪ್ರಶ್ನೆಯನ್ನು ವಾಟ್ಸಾಪ್‌ನಲ್ಲಿ ಕೇಳಿ. ದಾವಣಗೆರೆಗೋ ಹೊಸಪೇಟೆಗೋ ಹೊರಡುವ ಹಿಂದಿನ ದಿನವೇ ಅಂಗಡಿಯ ನಂಬರಿಗೆ ಫೋಟೋ ಕಳಿಸಿ: "ಇದು ನಮ್ಮ 5 ಎಚ್‌ಪಿ ಮೂರು ಫೇಸ್ ಮೋಟರು. ಜಿಯೋ ಸಿಮ್ ಹಾಕುತ್ತೇವೆ. ಇದಕ್ಕೆ ನಡೆಯುವ ಮೊಬೈಲ್ ಸ್ಟಾರ್ಟರ್ ಇದೆಯೇ?" "ಐತೆ, ಬರ್ರಿ" ಎಂಬ ಒಂದು ಸಾಲಿನ ಉತ್ತರವೇ ಮುಂದೆ ನಿಮ್ಮ ಸಾಕ್ಷಿ. ಬಾಯಿಮಾತಿನಲ್ಲಿ ಕೇಳಿದ್ದನ್ನು ಆಮೇಲೆ ತೋರಿಸುವುದು ಕಷ್ಟ.

3. ಬಿಲ್ಲಿನ ಮೇಲೆ ಒಂದು ಸಾಲು ಬರೆಸಿ. "ಜಿಯೋ ಸಿಮ್‌ನಲ್ಲಿ ಕೆಲಸ ಮಾಡದಿದ್ದರೆ 10 ದಿನದೊಳಗೆ ಹಣ ವಾಪಸ್" ಎಂದು, ಕೈಬರಹದಲ್ಲಾದರೂ ಸಾಕು, ಸಹಿ ಇರಲಿ. ಬರೆಯಲು ಹಿಂಜರಿದರೆ ಅವರಿಗೇ ನಂಬಿಕೆ ಇಲ್ಲವೆಂದು ಅರ್ಥ, ಬೇರೆ ಅಂಗಡಿ ನೋಡಿ.

4. ಬಿಲ್ಲು ಬಿಡಬೇಡಿ. ಬಿಲ್ಲು ಕೊಡದಿರುವುದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದಾಗ ನೀವು ಬಿಟ್ಟುಕೊಡುತ್ತಿರುವುದು ಈ ಹಕ್ಕನ್ನೆಲ್ಲ.

ಹೆಚ್ಚು ಎಡವುವ ವಸ್ತುಗಳು

ನಮ್ಮ ಭಾಗದ ಹೊಲ, ಮನೆ, ಸಣ್ಣ ಅಂಗಡಿಗಳಲ್ಲಿ ಪದೇ ಪದೇ ತೊಂದರೆ ಕೊಡುವ ಕೆಲವನ್ನು ಇಲ್ಲಿ ಹೇಳುತ್ತೇನೆ. ಅಂಗಡಿಯಲ್ಲಿ ಏನು ಕೇಳಬೇಕೆಂದು ತಿಳಿದಿದ್ದರೆ ವಾಪಸಿನ ಪ್ರಶ್ನೆಯೇ ಅರ್ಧ ಕಡಿಮೆಯಾಗುತ್ತದೆ.

ಮೊಬೈಲ್ ಸ್ಟಾರ್ಟರಿನಲ್ಲಿ ಮೊದಲು ಕೇಳಬೇಕಾದದ್ದು 2ಜಿಯೋ 4ಜಿಯೋ ಎಂದು. ಆಮೇಲೆ ನಿಮ್ಮ ಹೊಲದಲ್ಲಿ, ಊರಿನಲ್ಲಲ್ಲ, ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಎಂದು ನೋಡಿಕೊಳ್ಳಿ. ಈಗಿರುವ ಸ್ಟಾರ್ಟರ್ ಪೆಟ್ಟಿಗೆಗೆ ಜೋಡಿಸುವಂಥದ್ದೇ, ಪೂರ್ತಿ ಹೊಸ ಪೆಟ್ಟಿಗೆಯೇ ಎಂಬುದನ್ನೂ ಬಿಡಿಸಿ ಕೇಳಿ.

ಹೊಲಕ್ಕೋ ಅಂಗಡಿಗೋ ಹಾಕುವ ವೈಫೈ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಓಡುತ್ತವೆ. ರೌಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಇದ್ದರೆ ಕ್ಯಾಮೆರಾ ಅದನ್ನು ಕಾಣುವುದೇ ಇಲ್ಲ. ಇದಕ್ಕಾಗಿ ವಾಪಸು ಮಾಡುವ ಮುಂಚೆ ರೌಟರ್‌ನ ಸೆಟ್ಟಿಂಗ್‌ನಲ್ಲಿ 2.4 ಚಾಲೂ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಲ್ಯಾಪ್‌ಟಾಪಿನ ರ‍್ಯಾಮ್‌ನಲ್ಲಿ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಪೀಳಿಗೆಗಳಿವೆ. ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ. ಎಸ್‌ಎಸ್‌ಡಿಯಲ್ಲಿ ಇನ್ನೂ ಮೋಸದ ಸಂಗತಿ ಇದೆ: ಎಂ.2 ಆಕಾರದಲ್ಲೇ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆ. ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಒಂದನ್ನು ಒಪ್ಪುವ ಲ್ಯಾಪ್‌ಟಾಪ್ ಇನ್ನೊಂದನ್ನು ಒಪ್ಪಲೇಬೇಕೆಂದಿಲ್ಲ.

ಮೆಮೊರಿ ಕಾರ್ಡಿನಲ್ಲಿ 32 ಜಿಬಿ ಗಡಿ ನೆನಪಿಡಿ. ಅದಕ್ಕಿಂತ ದೊಡ್ಡ ಕಾರ್ಡುಗಳು ಬೇರೆ ಮಾನದಂಡದವು, ಹಳೆಯ ಕೀಪ್ಯಾಡ್ ಫೋನು, ಹಾಡಿನ ಪೆಟ್ಟಿಗೆಗಳು ಅನೇಕವು ಅವನ್ನು ಓದುವುದಿಲ್ಲ. ಚಾರ್ಜರ್‌ಗಳಲ್ಲಿ ತೂತು ಒಂದೇ ಇದ್ದರೂ ವೇಗದ ಚಾರ್ಜಿಂಗ್ ಪದ್ಧತಿ ಬೇರೆಯಿದ್ದರೆ ಫೋನು ನಿಧಾನವಾಗಿ ಚಾರ್ಜ್ ಆಗುತ್ತದೆ. ಲ್ಯಾಪ್‌ಟಾಪ್ ಚಾರ್ಜರಾದರೆ ಪಿನ್ನಿನ ಜೊತೆ ವೋಲ್ಟನ್ನೂ ಹೋಲಿಸಿ.

ಗ್ರಾಮ ಒನ್, ಸೇವಾ ಕೇಂದ್ರ ನಡೆಸುವವರು ಬೆರಳ ಗುರುತು ಓದುವ ಯಂತ್ರ ಕೊಳ್ಳುವಾಗ ಆಧಾರ್ ದೃಢೀಕರಣಕ್ಕೆ ಎಲ್1 ದರ್ಜೆಯದ್ದೇ ಎಂದು ಬರೆಸಿಕೊಳ್ಳಿ. ಹಳೆಯ ಎಲ್0 ಯಂತ್ರಗಳು ಇನ್ನೂ ಅಗ್ಗಕ್ಕೆ ಕಣ್ಣಿಗೆ ಬೀಳುತ್ತವೆ. ಬೆರಳನ್ನು ಸರಿಯಾಗಿಯೇ ಓದುತ್ತವೆ, ನಿಮ್ಮ ಕೆಲಸಕ್ಕೆ ಮಾತ್ರ ಬರುವುದಿಲ್ಲ.

"ನಾನು ದುಡಿಮೆಗೆ ಕೊಂಡದ್ದು, ನಾನು ಗ್ರಾಹಕನಾಗುತ್ತೇನೆಯೇ?" ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಕೊಂಡು ಬಳಸಿದ್ದರೆ ಅದು ವ್ಯಾಪಾರದ ಉದ್ದೇಶವಲ್ಲ ಎಂದು ಅದೇ ಕಾಯ್ದೆ ಬಿಡಿಸಿ ಹೇಳಿದೆ. ಒಬ್ಬರೇ ಕೂತು ನಡೆಸುವ ಸೇವಾ ಕೇಂದ್ರ, ಸ್ವಂತ ಹೊಲದ ಬೋರು, ಮೊಬೈಲ್ ರಿಪೇರಿ ಗೂಡಂಗಡಿಯವರು ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಬೆಂಗಳೂರಿನಲ್ಲಿರುವ ಮಗನ ಹೆಸರಲ್ಲಿ ಆರ್ಡರ್ ಆಗಿದ್ದರೂ ಚಿಂತೆಯಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಆ್ಯಪಿನಲ್ಲಿ ವಾಪಸು ಕೋರಿಕೆಯನ್ನು ಮಾತ್ರ ಆ ಖಾತೆಯಿಂದಲೇ ಹಾಕಬೇಕಾಗುತ್ತದೆ.

ತಂದ ಮೇಲೆ ಕೂಡದಿದ್ದರೆ

1. ಕೈ ತಡೆಯಿರಿ. ವೈರ್ ಕತ್ತರಿಸಿ ಜೋಡಿಸುವುದು, ಬೆಸುಗೆ ಹಾಕುವುದು, ಬೇರೆ ಸಾಫ್ಟ್‌ವೇರ್ ಹಾಕುವುದು, ಸೀಲ್ ಕೀಳುವುದು ಬೇಡ. ಪರೀಕ್ಷಿಸಿ ನೋಡುವ ಅವಕಾಶ ಸರಕು ಮಾರಾಟ ಕಾಯ್ದೆಯಲ್ಲಿ ನಿಮಗಿದೆ. ಪರೀಕ್ಷೆ ದಾಟಿ ನಿಮ್ಮದೇ ಎಂಬಂತೆ ಬದಲಾಯಿಸಿದರೆ ಒಪ್ಪಿಕೊಂಡಂತೆ.

2. ಕೂಡದಿರುವುದನ್ನು ವಿಡಿಯೋ ಮಾಡಿ. ಎರಡೂ ವಸ್ತುಗಳ ಲೇಬಲ್, ಪರದೆಯ ಮೇಲಿನ ಸಂದೇಶ ಕಾಣುವಂತೆ, ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ.

3. ಅದೇ ದಿನ ಲಿಖಿತವಾಗಿ ತಿಳಿಸಿ. ಇದು ಎಲ್ಲಕ್ಕಿಂತ ಮುಖ್ಯ. ಬೇಡವೆಂದು ತಿಳಿಸದೆ ಹೆಚ್ಚು ಕಾಲ ಇಟ್ಟುಕೊಂಡರೆ ವಸ್ತುವನ್ನು ಸ್ವೀಕರಿಸಿದಂತೆ ಎಂದು ಕಾನೂನು ಎಣಿಸುತ್ತದೆ. ಆಗ ವಾಪಸು ಮಾಡುವ ದಾರಿ ಮುಚ್ಚಿ, ನಷ್ಟ ಪರಿಹಾರ ಕೇಳುವುದಷ್ಟೇ ಉಳಿಯುತ್ತದೆ. ಹಬ್ಬ ಮುಗಿಯಲಿ, ಸಂತೆಯ ದಿನ ಹೋದಾಗ ಹೇಳೋಣ ಎಂದು ಮುಂದೂಡಬೇಡಿ. ನಿರಾಕರಿಸುವ ಹಕ್ಕು ನಿಮ್ಮದಾಗಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ವಸ್ತುವನ್ನು ನೀವೇ ಹೊತ್ತೊಯ್ದು ಮುಟ್ಟಿಸಬೇಕೆಂದೂ ಇಲ್ಲ, ಬೇಡವೆಂದು ತಿಳಿಸಿದರೆ ಸಾಕು ಎನ್ನುತ್ತದೆ ಆ ಕಾಯ್ದೆಯ 43ನೇ ಕಲಂ. ಹಡಗಲಿಯಿಂದ ಬಳ್ಳಾರಿಗೆ ಹೋಗುವ ಮುಂಚೆ ಸಂದೇಶ ಕಳಿಸುವುದು ಇದಕ್ಕೇ.

ಸಂದೇಶ ಹೀಗಿರಬಹುದು:

"ದಿನಾಂಕ ... ರಂದು ನಿಮ್ಮ ಅಂಗಡಿಯಲ್ಲಿ ಬಿಲ್ ಸಂಖ್ಯೆ ... ರಂತೆ ... ಕೊಂಡಿದ್ದೇನೆ. ಕೊಳ್ಳುವ ಮುಂಚೆ ಇದು ... ಕ್ಕೆ ಬೇಕೆಂದು ತಿಳಿಸಿದ್ದೆ, ನಡೆಯುತ್ತದೆ ಎಂದು ಹೇಳಿದ್ದಿರಿ. ಈ ದಿನ ಜೋಡಿಸಿ ನೋಡಿದಾಗ ... ಕಾರಣದಿಂದ ಕೂಡುತ್ತಿಲ್ಲ. ವಸ್ತು ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ; ಹೇಳಿದ ಕೆಲಸಕ್ಕೆ ಒದಗುತ್ತಿಲ್ಲ. ಆದ್ದರಿಂದ ಇದನ್ನು ಸ್ವೀಕರಿಸುತ್ತಿಲ್ಲ. ಹಣ ಹಿಂದಿರುಗಿಸಿ, ಇಲ್ಲವೇ ಹೊಂದುವ ವಸ್ತು ಕೊಡಿ ಎಂದು ಕೋರುತ್ತೇನೆ. ವಸ್ತು, ಡಬ್ಬಿ, ಬಿಲ್ಲು ಸುರಕ್ಷಿತವಾಗಿವೆ."

4. ಆನ್‌ಲೈನ್ ಆಗಿದ್ದರೆ ಆ್ಯಪಿನಲ್ಲೇ ವಾಪಸು ಕೋರಿಕೆ ಹಾಕಿ, ವಸ್ತುವಿನ ವಿವರಣೆಯ ಪುಟವನ್ನು ಅಂದೇ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ವಿವರಣೆ ಬದಲಾಗಬಹುದು. ಕೋರಿಕೆ ತಿರಸ್ಕೃತವಾದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. "ಬದಲಿ ಮಾತ್ರ" ಎಂಬ ನಿಯಮ ಈ ವಿಷಯದಲ್ಲಿ ತೊಡಕು: ಕೂಡದ ವಸ್ತುವಿನ ಬದಲು ಅದೇ ಕೂಡದ ವಸ್ತು ಮತ್ತೆ ಬರುತ್ತದೆ. ವಿವರಣೆಯೇ ತಪ್ಪಿದ್ದಲ್ಲಿ ಹಣ ವಾಪಸನ್ನೇ ಕೇಳಿ, ಬದಲಿಗೆ ಒಪ್ಪಬೇಡಿ.

ಸಾಮಾನ್ಯ ತಪ್ಪುಗಳು

ಕೂಡದ ವಸ್ತುವನ್ನು "ಕೆಟ್ಟಿದೆ" ಎಂದು ಹೇಳುವುದು ದೊಡ್ಡ ತಪ್ಪು. ಆ್ಯಪಿನಲ್ಲಿ ಬೇಗ ಒಪ್ಪುತ್ತಾರೆಂದು ಹಾಗೆ ಒತ್ತುವವರಿದ್ದಾರೆ. ಪರೀಕ್ಷಿಸಲು ಬಂದವರು ಚೆನ್ನಾಗಿದೆ ಎಂದು ಬರೆದು ಹೋಗುತ್ತಾರೆ, ಆಮೇಲೆ ನಿಮ್ಮ ನಿಜವಾದ ಕಾರಣವನ್ನೂ ಯಾರೂ ನಂಬುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ.

"ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂಬ ಬೋರ್ಡು ನೋಡಿ ಹಿಂದೆ ಸರಿಯುವುದು ಇನ್ನೊಂದು. ಇಂಥ ಸಾಲನ್ನು ಬಿಲ್ಲಿನಲ್ಲಿ ಅಚ್ಚು ಹಾಕುವುದು ಸಲ್ಲದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 1999ರಲ್ಲೇ ರಾಜ್ಯಗಳಿಗೆ ಬರೆದಿದೆ. ದೋಷದ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಕಾಯ್ದೆ ಹೇಳುತ್ತದೆ. ಆದರೆ ಆ 30 ದಿನ ದೋಷದ ವಸ್ತುವಿಗೆ ಎಂಬುದನ್ನು ಮರೆಯಬೇಡಿ. ಮೇಲೆ ಹೇಳಿದ ಮೂರನೇ ಸಂದರ್ಭಕ್ಕೆ ಅದನ್ನು ಎಳೆದು ತಂದು ಅಂಗಡಿಯವರ ಜೊತೆ ಜಗಳ ಆಡಿದರೆ ಸಿಗಬಹುದಾಗಿದ್ದ ರಿಯಾಯಿತಿಯೂ ಕೈತಪ್ಪುತ್ತದೆ.

ಹಾಗೆಯೇ ಡಬ್ಬಿ ಎಸೆಯುವುದು, ಫೋನ್ ಬದಲಿಸುವಾಗ ಚಾಟ್ ಅಳಿಸಿಹೋಗಲು ಬಿಡುವುದು, ಶಾಯಿ ಮಾಸುವ ಬಿಲ್ಲಿನ ಫೋಟೋ ತೆಗೆಯದಿರುವುದು. ಚಿಕ್ಕ ಮಾತುಗಳೇ, ಆದರೆ ದೂರು ಸೋಲುವುದು ಇವುಗಳಿಂದ.

ಕೇಳದಿದ್ದರೆ ಮುಂದೇನು

ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. 8800001915 ಸಂಖ್ಯೆಗೆ ವಾಟ್ಸಾಪ್ ಕೂಡ ಮಾಡಬಹುದು. ಅವರು ಆದೇಶ ಹೊರಡಿಸುವುದಿಲ್ಲ, ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಇತ್ಯರ್ಥಕ್ಕೆ ಯತ್ನಿಸುತ್ತಾರೆ. ದೊಡ್ಡ ಆನ್‌ಲೈನ್ ಕಂಪನಿಗಳ ವಿಷಯದಲ್ಲಿ ಇದು ಒಳ್ಳೆಯ ಆರಂಭ. ಊರಿನ ಅಂಗಡಿಯಾದರೆ ಮೇಲಿನ ಸಂದೇಶವನ್ನೇ ಪತ್ರವಾಗಿ ಬರೆದು, 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ನಮ್ಮ ಐದು ತಾಲೂಕಿನವರಿಗೆ 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರ ಇಲ್ಲಿದೆ. 1986ರ ಹಳೆಯ ಕಾಯ್ದೆಯಲ್ಲಿ ಎದುರುದಾರರ ವ್ಯವಹಾರ ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಹಾಕಬೇಕಿತ್ತು. ಈಗ ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲೇ ಹಾಕಬಹುದು. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಅಲ್ಲಿನವರ ಕೊಡುಕೊಳ್ಳುವಿಕೆ ಇಂದಿಗೂ ದಾವಣಗೆರೆ ಜೊತೆ. ಅಂಗಡಿ ಅಲ್ಲಿದ್ದರೂ, ಮಾರಾಟಗಾರ ದೆಹಲಿಯಲ್ಲಿದ್ದರೂ, ದೂರಿಗಾಗಿ ನೀವು ಅಲ್ಲಿಗೆ ಹೋಗಬೇಕಿಲ್ಲ.

ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರೂ ಕಡ್ಡಾಯವಲ್ಲ. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗಲು ಅರ್ಜಿ ಹಾಕಬಹುದು. ದೂರಿನ ಜೊತೆ ಬಿಲ್ಲು, ಕೊಳ್ಳುವ ಮುಂಚಿನ ಚಾಟ್, ನಿರಾಕರಣೆಯ ಸಂದೇಶ, ವಿಡಿಯೋ, ಪತ್ರದ ರಸೀದಿ ಇಷ್ಟನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ. ವಸ್ತುವಿನ ಪರೀಕ್ಷೆ ಬೇಕಿಲ್ಲದಿದ್ದರೆ 3 ತಿಂಗಳು, ಬೇಕಿದ್ದರೆ 5 ತಿಂಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯಬಹುದು, ಅದಕ್ಕೆ ಮನಸ್ಸು ಮಾಡಿಕೊಂಡೇ ಹೋಗಿ. 300 ರೂಪಾಯಿಯ ಕಾರ್ಡಿಗೆ ಇಷ್ಟು ಓಡಾಟ ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ 1915 ಸಹಾಯವಾಣಿಯವರೆಗೆ ಹೋದರೆ ಸಾಕು. ಹತ್ತಾರು ಸಾವಿರದ ಇನ್ವರ್ಟರ್, ಲ್ಯಾಪ್‌ಟಾಪ್, ಸ್ಟಾರ್ಟರ್ ಪೆಟ್ಟಿಗೆಯಾದರೆ ಬಿಡಬೇಡಿ.

ಬರೆಯಲು ತೊಡಕಾದರೆ ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಹೋಗುವಾಗ ಬಿಲ್ಲಿನ ದಿನಾಂಕ ನೋಡಿಕೊಂಡು ಹೋಗಿ: ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಆಯೋಗಕ್ಕೆ ಸೇರಿರಬೇಕು.